ಡಿಸ್ಪೋಸಲ್ ಜೀಪಿಗೆ ಬಲಗನ್ನಡಿ: ಹಿಂಜ್ ಬ್ರಾಕೆಟ್, ಫ್ರೇಮ್ ಕ್ಲಾಂಪ್, ಬೈಕ್ ಮಿರರ್, ಟ್ರ್ಯಾಕ್ಟರ್ ಮಿರರ್

1941ರಿಂದ 1945ರವರೆಗೆ ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯು ಎಂಬ ಎರಡು ಹೆಸರಿನಲ್ಲಿ, ಒಂದೇ ನಕ್ಷೆಯ ಜೀಪುಗಳು ಆರು ಲಕ್ಷಕ್ಕೂ ಹೆಚ್ಚು ತಯಾರಾದವು. ಅವಕ್ಕೆ ಕಾರ್ಖಾನೆ ಕೊಟ್ಟ ಹೊರಗಿನ ಕನ್ನಡಿ ಒಂದೇ. ಎಡಗಡೆ, ವಿಂಡ್‌ಶೀಲ್ಡಿನ ಬುಡದ ಹತ್ತಿರ, ಅಂಗೈ ಅಗಲದ ದುಂಡನೆಯ ಚಪ್ಪಟೆ ಗಾಜು. ಬಲಬದಿಯಲ್ಲಿ ಗಾಡಿ ಓಡಿಸುವ ಅಮೆರಿಕದಲ್ಲಿ ಇಷ್ಟು ಸಾಕು. ಅಲ್ಲಿ ಸ್ಟಿಯರಿಂಗೂ ಎಡಕ್ಕೆ, ಓವರ್‌ಟೇಕ್ ಮಾಡುವವನು ಬರುವುದೂ ಎಡಕ್ಕೆ.

ನಮ್ಮಲ್ಲಿ ಇದು ತಿರುಗುಮುರುಗು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ಹರಾಜಿನಲ್ಲಿ ಬಂದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದುಡಿದ ಡಿಸ್ಪೋಸಲ್ ಜೀಪುಗಳಲ್ಲಿ ಡ್ರೈವರ್ ಕೂರುವುದು ರಸ್ತೆಯ ಅಂಚಿನ ಕಡೆ. ಹಿಂದಿನ ಬಸ್ಸು ಬರುವುದು ಮಾತ್ರ ಬಲದಿಂದ. ಮೂಲ ಕನ್ನಡಿಯಲ್ಲಿ ಬೇಲಿ ಕಾಣುತ್ತದೆ, ಬಸ್ಸು ಕಾಣುವುದಿಲ್ಲ. ಹಾಗಾಗಿ ನಿಜವಾದ ಪ್ರಶ್ನೆ ಎಡಗನ್ನಡಿಯದಲ್ಲ. ಬಲಗಡೆ ಯಾವ ಕನ್ನಡಿ, ಯಾವುದರ ಮೇಲೆ ಹಾಕುವುದು ಎಂಬುದು. (ಎತ್ತರದ ಬಾನೆಟ್ಟಿನ ಮಹೀಂದ್ರ ಸಿಜೆ-3ಬಿ ಇರುವವರಿಗೆ ಈ ತಲೆನೋವಿಲ್ಲ, ಅದರ ಸ್ಟಿಯರಿಂಗ್ ಬಲಕ್ಕೇ ಇದೆ. ಅವರು ಕೆಳಗಿನ ಅದುರುವಿಕೆಯ ಭಾಗ ಓದಿಕೊಂಡರೆ ಸಾಕು.)

ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಎಡಗಡೆ ಮೂಲ ಮಾದರಿಯ ದುಂಡುಗನ್ನಡಿ ಅಂದಕ್ಕೆ ಇರಲಿ. ಬಲಗಡೆ 125 ಎಂ.ಎಂ. ವ್ಯಾಸದ ಕಾನ್ವೆಕ್ಸ್ (ಉಬ್ಬುಗಾಜಿನ) ಕನ್ನಡಿ, ವಿಂಡ್‌ಶೀಲ್ಡ್ ಮಡಚುವ ಕೀಲಿನ, ಅಂದರೆ ಹಿಂಜಿನ, ಬೋಲ್ಟಿಗೆ ಕೂರುವ ಬ್ರಾಕೆಟ್ ಮೇಲೆ, ಮೋಟು ದಪ್ಪ ಸರಳಿನಲ್ಲಿ.

ಗಾಜು: ಚಪ್ಪಟೆಯೋ, ಉಬ್ಬೋ

ಬಲಗಡೆಗೂ ಎಡಗಡೆಯದೇ ಜೋಡಿ ಹಾಕಿದರೆ ನೋಡಲು ಚೆನ್ನ. ಅನೇಕರು ಮಾಡುವುದೂ ಅದನ್ನೇ. ಆದರೆ ಜೀಪಿನ ಅಗಲ 62 ಇಂಚು, ಅಂದರೆ 1575 ಎಂ.ಎಂ. ಎಡಗನ್ನಡಿ ಡ್ರೈವರ್ ಕಣ್ಣಿಗೆ ಹೆಚ್ಚುಕಡಿಮೆ 60 ಸೆಂ.ಮೀ. ದೂರದಲ್ಲಿದ್ದರೆ ಬಲಗನ್ನಡಿ 1.3 ಮೀಟರ್ ದೂರಕ್ಕೆ ಹೋಗುತ್ತದೆ. ಕನ್ನಡಿಯಿಂದ 20 ಮೀಟರ್ ಹಿಂದೆ ರಸ್ತೆಯ ಎಷ್ಟು ಅಗಲ ಕಾಣುತ್ತದೆ ಎಂದು ಲೆಕ್ಕ ಹಾಕಿದರೆ ಹೀಗಿದೆ. ಉಬ್ಬುಗಾಜಿನ ಬಾಗುವಿಕೆಯ ತ್ರಿಜ್ಯ 1200 ಎಂ.ಎಂ. ಎಂದು ಹಿಡಿದಿದ್ದೇವೆ; ಈ ಅಂಕಿ ಕಡಿಮೆಯಾದಷ್ಟೂ ಉಬ್ಬು ಹೆಚ್ಚು.

| ಗಾಜು | ಎಡಗಡೆ (60 ಸೆಂ.ಮೀ.) | ಬಲಗಡೆ (1.3 ಮೀ.) |
|---|---|---|
| 100 ಎಂ.ಎಂ. ಚಪ್ಪಟೆ | 3.4 ಮೀ. | 1.6 ಮೀ. |
| 125 ಎಂ.ಎಂ. ಚಪ್ಪಟೆ | 4.3 ಮೀ. | 2.0 ಮೀ. |
| 100 ಎಂ.ಎಂ. ಕಾನ್ವೆಕ್ಸ್ | 6.8 ಮೀ. | 5.0 ಮೀ. |
| 125 ಎಂ.ಎಂ. ಕಾನ್ವೆಕ್ಸ್ | 8.5 ಮೀ. | 6.2 ಮೀ. |

ಕನ್ನಡಿ ಓರೆಯಾಗಿ ನಿಲ್ಲುವುದರಿಂದ ನಿಜದಲ್ಲಿ ಇದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಸಿಗುತ್ತದೆ. ಬಲಗಡೆಯ 100 ಎಂ.ಎಂ. ಚಪ್ಪಟೆ ಗಾಜಿನ ಸಾಲು ನೋಡಿ: 1.6 ಮೀಟರ್. ಎರಡೂವರೆ ಮೀಟರ್ ಅಗಲದ ಬಸ್ಸಿನ ಮೂತಿ ಕೂಡ ಅದರಲ್ಲಿ ಪೂರ್ತಿ ಹಿಡಿಯುವುದಿಲ್ಲ. ಜೀಪು ಒಂದು ಹಳ್ಳ ಇಳಿದರೆ ಅದೂ ಚೌಕಟ್ಟಿನಿಂದ ಆಚೆ ಹೋಗುತ್ತದೆ.

ಉಬ್ಬುಗಾಜಿಗೂ ಒಂದು ಬೆಲೆ ಇದೆ. 60 ಸೆಂ.ಮೀ. ದೂರದಲ್ಲಿ 1200 ತ್ರಿಜ್ಯದ ಗಾಜು ಹಿಂದಿನ ಗಾಡಿಯನ್ನು ಅರ್ಧಕ್ಕೆ ಕುಗ್ಗಿಸಿ ತೋರಿಸುತ್ತದೆ, 1.3 ಮೀಟರಿನಲ್ಲಿ ಮೂರನೇ ಒಂದಕ್ಕೆ. ‘ಇನ್ನೂ ದೂರ ಇದ್ದಾನೆ’ ಅನ್ನಿಸುವುದು ಇದರಿಂದಲೇ. ಅದರ ಮೇಲೆ ಜೀಪು ವೇಗ ಹಿಡಿಯುವುದೂ ನಿಧಾನ. ಆದ್ದರಿಂದ ಎಡಗಡೆ ಚಪ್ಪಟೆಯನ್ನೇ ಉಳಿಸಿಕೊಂಡು ಬಲಗಡೆ ಮಾತ್ರ ಉಬ್ಬುಗಾಜು ಹಾಕುವುದು ಸರಿ. ಇನ್ನೂ ಹೆಚ್ಚು ಉಬ್ಬಿದ, 600 ತ್ರಿಜ್ಯದ ಗಾಜುಗಳೂ ಸಿಗುತ್ತವೆ. ಬಲಗಡೆಗೆ ಹಾಕಿದರೆ ಲಾರಿ ಇರುವೆಯಾಗುತ್ತದೆ, ಬೇಡ. ಚಪ್ಪಟೆ ಕನ್ನಡಿಯ ಮೇಲೆ ಅಂಟಿಸುವ ಎರಡು ಇಂಚಿನ ಬ್ಲೈಂಡ್‌ಸ್ಪಾಟ್ ಬಿಲ್ಲೆಯಂತೂ ಅಷ್ಟು ದೂರದಿಂದ ಏನನ್ನೂ ತೋರಿಸುವುದಿಲ್ಲ.

ಫ್ರೇಮ್ ಕ್ಲಾಂಪ್

ವಿಂಡ್‌ಶೀಲ್ಡ್ ಫ್ರೇಮಿನ ಪಕ್ಕದ ಕಂಬಕ್ಕೆ ಎರಡು ತುಂಡಿನ ಕ್ಲಾಂಪ್ ಹಾಕಿ ಕನ್ನಡಿ ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ. ಹತ್ತು ನಿಮಿಷದ ಕೆಲಸ, ತೂತು ಬೇಡ, ಎತ್ತರವೂ ಕಣ್ಣಿಗೆ ಸರಿಯಾಗಿ ಸಿಗುತ್ತದೆ. ಪ್ರದರ್ಶನದ ದಿನ ಬಿಚ್ಚಿಡಬಹುದು.

ತೊಂದರೆ ಎರಡು. ಈ ಜೀಪಿನ ಮುಂಗಾಜು ಬಾನೆಟ್ ಮೇಲೆ ಮಡಚುವಂಥದ್ದು. ಮಡಚಿದೊಡನೆ ಕನ್ನಡಿಯೂ ಅದರ ಜೊತೆ ಮಲಗಿ ಆಕಾಶವನ್ನೋ ನೆಲವನ್ನೋ ನೋಡುತ್ತದೆ. ಗಾಜು ಮಡಚಿ ಓಡಿಸುವವರಿಗೆ ಕನ್ನಡಿಯೇ ಇಲ್ಲದಂತಾಯಿತು. ಎರಡನೆಯದು ಅದುರುವಿಕೆ. ಫ್ರೇಮ್ ನಿಂತಿರುವುದು ಎರಡು ಹಿಂಜ್ ಮತ್ತು ಬುಡದ ಎರಡು ಕ್ಲಾಂಪಿನ ಬಲದ ಮೇಲೆ. ಬುಡದ ರಬ್ಬರ್ ಹಳತಾಗಿದ್ದರೆ ಇಡೀ ಫ್ರೇಮ್ ಹಿಂದೆಮುಂದೆ ಆಡುತ್ತದೆ, ಕನ್ನಡಿ ಆ ಆಟವನ್ನು ದುಪ್ಪಟ್ಟು ಮಾಡಿ ತೋರಿಸುತ್ತದೆ. ಬಣ್ಣ ಉಳಿಸಲೆಂದು ಕ್ಲಾಂಪಿನೊಳಗೆ ಮೆತ್ತನೆ ರಬ್ಬರ್ ಸುತ್ತಿದರೆ ಇನ್ನೂ ಕೆಡುತ್ತದೆ. ರಬ್ಬರ್ ಬದಲು 0.8 ಎಂ.ಎಂ. ಗ್ಯಾಸ್ಕೆಟ್ ಪೇಪರ್ ಹಾಕಿ. ಬಣ್ಣವೂ ಉಳಿಯುತ್ತದೆ, ಕನ್ನಡಿಯೂ ಆಡುವುದಿಲ್ಲ. ದುಂಡು ಹ್ಯಾಂಡಲ್‌ಬಾರಿಗೆಂದು ಮಾಡಿದ ಕ್ಲಾಂಪ್ ಇಲ್ಲಿ ಸರಿಯಾಗಿ ಕೂರುವುದಿಲ್ಲ. ಕಂಬದ ಆಕಾರಕ್ಕೆ ರಟ್ಟಿನ ಅಚ್ಚು ಕತ್ತರಿಸಿಕೊಂಡು ಲೇತಿನವರಲ್ಲಿ ಮಾಡಿಸಬೇಕು.

ಹಿಂಜ್ ಬ್ರಾಕೆಟ್

ವಿಂಡ್‌ಶೀಲ್ಡಿನ ಹಿಂಜನ್ನು ಬಾಡಿಗೆ ಹಿಡಿದಿರುವ ಬೋಲ್ಟುಗಳನ್ನೇ ಬಳಸಿ ಒಂದು ಪಟ್ಟಿ ಕೂರಿಸುವುದು ಈ ವಿಧಾನ. ಕನ್ನಡಿ ಬಾಡಿಯ ಮೇಲಿರುತ್ತದೆ, ಗಾಜು ಮಡಚಿದರೂ ಕದಲುವುದಿಲ್ಲ. ಹೊಸ ತೂತು ಒಂದೂ ಬೇಡ.

ಬೇಕಾಗುವುದು: 5 ಎಂ.ಎಂ. ದಪ್ಪ, 40 ಎಂ.ಎಂ. ಅಗಲದ ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿ ಸುಮಾರು 200 ಎಂ.ಎಂ.; 12 ಎಂ.ಎಂ. ಸರಳು 180 ಎಂ.ಎಂ.; ಮೂಲ ಬೋಲ್ಟಿಗಿಂತ ಕಾಲು ಇಂಚು ಉದ್ದದ ಬೋಲ್ಟುಗಳು; ಸ್ಪ್ರಿಂಗ್ ವಾಷರ್; ಗ್ಯಾಸ್ಕೆಟ್ ಪೇಪರ್; ಹಿಂದೆ ಬಾಲ್ ಜಾಯಿಂಟ್ ಇರುವ ಕನ್ನಡಿ.

ಉದ್ದದ ಬೋಲ್ಟ್ ಯಾಕೆಂದರೆ, ನಡುವೆ 5 ಎಂ.ಎಂ. ಪಟ್ಟಿ ಬಂದಮೇಲೆ ಹಳೆಯ ಬೋಲ್ಟ್ ಒಳಗಿನ ನಟ್ಟನ್ನು ಎರಡು ಮೂರು ಸುತ್ತಷ್ಟೇ ಹಿಡಿಯುತ್ತದೆ. ಮೊದಲ ಘಟ್ಟದಲ್ಲೇ ಸಡಿಲವಾಗುತ್ತದೆ. ಬೋಲ್ಟ್ ಕೊಳ್ಳುವ ಮುನ್ನ ಥ್ರೆಡ್ ಗೇಜ್ ಹಿಡಿದು ನೋಡಿ. ಅಮೆರಿಕನ್ ಫೈನ್ ಥ್ರೆಡ್ಡಿನಲ್ಲಿ ಕಾಲು ಇಂಚಿನದಕ್ಕೆ ಇಂಚಿಗೆ 28 ಸುತ್ತು, 5/16 ಇಂಚಿನದಕ್ಕೆ 24. ಅಂಗಡಿಯಲ್ಲಿ ಸುಲಭವಾಗಿ ಕೈಗೆ ಬರುವ 8 ಎಂ.ಎಂ. ಬೋಲ್ಟಿನ ವ್ಯಾಸ 5/16ಕ್ಕೆ ಹೆಚ್ಚುಕಡಿಮೆ ಒಂದೇ, ಸುತ್ತು ಮಾತ್ರ ಇಂಚಿಗೆ 20ರ ಆಸುಪಾಸು. ಕೈಯಲ್ಲಿ ಎರಡು ಸುತ್ತು ಹೋಗಿ ನಿಲ್ಲುತ್ತದೆ. ಅಲ್ಲಿಂದ ಸ್ಪ್ಯಾನರ್ ಹಾಕಿ ಎಳೆದರೆ ಒಳಗಿನ ನಟ್ಟಿನ ಥ್ರೆಡ್ಡೇ ಹೋಗುತ್ತದೆ. ಎಂಬತ್ತು ವರ್ಷ ಹಳೆಯ ಗಾಡಿಯಲ್ಲಿ ಯಾರೋ ಆಗಲೇ ಎಂ.ಎಂ. ಬೋಲ್ಟ್ ತುರುಕಿರುವುದೂ ಉಂಟು, ಆದ್ದರಿಂದ ಎಡಗಡೆಯ ಬೋಲ್ಟ್ ನೋಡಿ ಬಲಗಡೆಯದನ್ನು ಊಹಿಸಬೇಡಿ.

ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಫ್ರೇಮ್ ಒಂದು ಕಡೆ ವಾಲಿ ಗಾಜು ಸೀಳಬಹುದು. ರಟ್ಟಿನಲ್ಲಿ ತೂತುಗಳ ಗುರುತು ತೆಗೆದು ಪಟ್ಟಿಗೆ ಇಳಿಸಿ, ಬೋಲ್ಟಿಗಿಂತ ಅರ್ಧ ಎಂ.ಎಂ. ದೊಡ್ಡದಾಗಿ ಕೊರೆಯಿರಿ. ಸರಳನ್ನು ಪಟ್ಟಿಯ ಮುಖಕ್ಕೆ ಬರಿದೇ ತಾಗಿಸಿ ವೆಲ್ಡ್ ಮಾಡಿಸಬೇಡಿ. ವೆಲ್ಡಿನ ಅಂಚಿನಲ್ಲೇ ಬಿರುಕು ಹುಟ್ಟಿ ಒಂದು ದಿನ ಕನ್ನಡಿ ಕೈಗೆ ಬರುತ್ತದೆ. ಪಟ್ಟಿಯಲ್ಲಿ 12 ಎಂ.ಎಂ. ತೂತು ಕೊರೆದು ಸರಳನ್ನು ಒಳಗೆ ತೂರಿಸಿ ಎರಡೂ ಕಡೆ ವೆಲ್ಡ್ ಮಾಡಿಸಿ.

ಮುಂಗಾಜು ತಿರುಗುವ ಪಿವಟ್ ಬೋಲ್ಟಿಗೆ ಮಾತ್ರ ಬ್ರಾಕೆಟ್ ಹಾಕಲೇಬೇಡಿ. ಅದು ಒಂದೇ ಬೋಲ್ಟ್, ನೋಡಲು ಬಹಳ ಅನುಕೂಲದ ಜಾಗ. ಆದರೆ ಕನ್ನಡಿ ಗಟ್ಟಿಯಾಗಿ ನಿಲ್ಲುವಷ್ಟು ಬಿಗಿದರೆ ಗಾಜು ಮಡಚಲು ಬರುವುದಿಲ್ಲ, ಗಾಜು ಮಡಚುವಷ್ಟು ಬಿಟ್ಟರೆ ಕನ್ನಡಿ ತಿರುಗುತ್ತದೆ.

ಕನ್ನಡಿ ಫ್ರೇಮಿಗಿಂತ ಸ್ವಲ್ಪ ಮುಂದೆ ಇರಲಿ. ಹಿಂದೆ ಬಂದರೆ ಪಕ್ಕದ ಸೀಟಿನವರ ಎದೆ ಅಡ್ಡ ಬರುತ್ತದೆ, ಅವರು ಹಿಡಿಕೆ ಹಿಡಿದು ಮುಂದಕ್ಕೆ ಬಾಗಿದರೆ ಮುಗಿಯಿತು. ಮುಂದಿದ್ದರೆ ಗಾಜಿನ ಬಲಗಡೆಯ ಕೆಳಮೂಲೆಯಿಂದ ನೋಡಬೇಕು. ಮಳೆಯಲ್ಲಿ ಆ ಮೂಲೆಯನ್ನು ಒರೆಸಿಕೊಳ್ಳುವ ಕೆಲಸ ಇದ್ದೇ ಇರುತ್ತದೆ. ಕನ್ನಡಿಯ ಒಳ ಅಂಚು ಫ್ರೇಮಿನ ಹೊರ ಅಂಚಿಗಿಂತ ಕನಿಷ್ಠ 30 ಎಂ.ಎಂ. ಆಚೆ ಇರಬೇಕು, ಇಲ್ಲದಿದ್ದರೆ ಮಡಚುವಾಗ ತಾಗುತ್ತದೆ. ಎಲ್ಲ ಬಿಗಿಯುವ ಮೊದಲು ಒಮ್ಮೆ ನಿಧಾನವಾಗಿ ಮಡಚಿ ನೋಡಿ. ಕ್ಯಾನ್ವಾಸಿನ ಪಕ್ಕದ ಪರದೆ ಹಾಕುವ ರೂಢಿಯಿದ್ದರೆ ಅದು ಗಾಳಿಗೆ ಉಬ್ಬಿ ನೋಟಕ್ಕೆ ಅಡ್ಡ ಬಾರದಂತೆ ಇನ್ನೂ ಎರಡು ಬೆರಳು ಹೊರಗೆ ಬೇಕು.

ಅದುರುವುದು ಗಾಜಲ್ಲ, ಸರಳು

180 ಎಂ.ಎಂ., 12 ಎಂ.ಎಂ. ಎಂಬ ಅಳತೆ ಸುಮ್ಮನೆ ಬಂದದ್ದಲ್ಲ. ನಾಲ್ಕು ಸಿಲಿಂಡರಿನ ಈ ಎಂಜಿನ್ ಒಂದು ಸುತ್ತಿಗೆ ಎರಡು ಸಲ ನಡುಗಿಸುತ್ತದೆ. 4.88ರ ಕ್ರೌನು-ಪಿನಿಯನ್ (ಆಕ್ಸಲಿನ ಗೇರ್ ಅನುಪಾತ), 6.00-16 ಟೈರು ಇದ್ದಾಗ ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ ಎಂಜಿನ್ ಸುಮಾರು 2200 ಸುತ್ತು, ಅಂದರೆ ಸೆಕೆಂಡಿಗೆ 73 ನಡುಕ. 350 ಗ್ರಾಂ ಕನ್ನಡಿಯನ್ನು 10 ಎಂ.ಎಂ. ಸರಳಿನ 250 ಎಂ.ಎಂ. ತುದಿಯಲ್ಲಿ ಇಟ್ಟರೆ ಲೆಕ್ಕಕ್ಕೆ ಅದರ ಸ್ವಂತ ಕಂಪನ ಸೆಕೆಂಡಿಗೆ 37. ಎಂಜಿನ್ 1100ರ ಹತ್ತಿರ ಬಂದಾಗ ಎರಡೂ ಕೂಡಿಕೊಂಡು ಕನ್ನಡಿಯಲ್ಲಿ ಬರೀ ಮಸುಕು. ಸರಳು 12 ಮಾಡಿದರೆ 53, ಆಗ 1600 ಸುತ್ತಿನಲ್ಲಿ, ಅಂದರೆ 45 ಕಿ.ಮೀ. ಆಸುಪಾಸಿನಲ್ಲಿ, ನಾವು ಹೆಚ್ಚಾಗಿ ಓಡುವ ವೇಗದಲ್ಲೇ ತೊಂದರೆ. ಅದೇ 12ರ ಸರಳನ್ನು 180ಕ್ಕೆ ಮೋಟು ಮಾಡಿದರೆ 87. ಮಸುಕು 70 ಕಿ.ಮೀ. ಆಚೆಗೆ ಹೋಗುತ್ತದೆ, ಅಷ್ಟು ವೇಗ ಈ ಗಾಡಿಗೆ ಬೇಕಾಗಿಯೂ ಇಲ್ಲ. ಪಟ್ಟಿ, ತಗಡು ಬಗ್ಗುವುದರಿಂದ ನಿಜದ ಅಂಕಿ ಇದಕ್ಕಿಂತ ಕೆಳಗೇ ಬರುತ್ತದೆ, ಆದರೆ ಯಾವುದು ಯಾವುದಕ್ಕಿಂತ ಮೇಲು ಎಂಬುದು ಬದಲಾಗುವುದಿಲ್ಲ. ಸರಳಿನ ಬದಲು 16 ಎಂ.ಎಂ. ಹೊರವ್ಯಾಸ, 2 ಎಂ.ಎಂ. ದಪ್ಪದ ಪೈಪ್ ಹಾಕಿದರೆ ಬಿಗಿ ಎರಡು ಪಟ್ಟು, ತೂಕವೂ ಕಡಿಮೆ. 1940ರ ದಶಕದ ಗಾಡಿಯ ಮೇಲೆ ಅದು ಹೊರಗಿನದೆಂದು ಕಾಣುತ್ತದೆ, ಅಷ್ಟೇ.

ಉಳಿದವು

ಬೈಕ್ ಮಿರರ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಹೆಚ್ಚಿನವಕ್ಕೆ ಉಬ್ಬುಗಾಜೇ ಇರುತ್ತದೆ. ದುಂಡನೆಯದನ್ನು ಆರಿಸಿ ಮಂಕು ಹಸಿರು ಬಣ್ಣ ಹೊಡೆದರೆ ದೂರಕ್ಕೆ ಗೊತ್ತೂ ಆಗದು. ಅದರ ಕಡ್ಡಿ ಮಾತ್ರ ಸಣ್ಣ, ಉದ್ದ. ಮೇಲಿನ ಲೆಕ್ಕದಂತೆ ಜೀಪಿಗೆ ಅದೇ ಕೇಡು. ತಲೆಯನ್ನಷ್ಟೇ ತೆಗೆದು ಹಿಂಜ್ ಬ್ರಾಕೆಟ್ಟಿಗೆ ಹಾಕಿಕೊಳ್ಳುವುದು ಒಳ್ಳೆಯ ಉಪಾಯ. ಕೆಲವು ಯಮಹಾ ಬೈಕುಗಳ ಬಲಗನ್ನಡಿಗೆ ಎಡಸುತ್ತಿನ ಥ್ರೆಡ್ ಇರುತ್ತದೆ, ನಟ್ ಕೊಳ್ಳುವಾಗ ಜ್ಞಾಪಕವಿರಲಿ.

ಟ್ರ್ಯಾಕ್ಟರಿನ ಚೌಕನೆ ಕನ್ನಡಿಯಲ್ಲಿ ಕಾಣುವಷ್ಟು ಬೇರೆ ಯಾವುದರಲ್ಲೂ ಕಾಣುವುದಿಲ್ಲ. ಆದರೆ ಅದಕ್ಕೆ ಮೇಲೆ ಕೆಳಗೆ ಎರಡು ಕಡೆ ಹಿಡಿತ ಬೇಕು, ಅಂದರೆ ಕೌಲಿನ (ವಿಂಡ್‌ಶೀಲ್ಡಿನ ಬುಡದ ಬಾಡಿಯ) ತಗಡಿಗೆ ತೂತು. ದಿನವೂ ಡಾಂಬರು ರಸ್ತೆಯಲ್ಲಿ ದುಡಿಯುವ ಗಾಡಿಯಾದರೆ ಸರಿ. ಕೊರೆಯಲೇಬೇಕಾದರೆ ಒಳಗಡೆ 50×75 ಎಂ.ಎಂ.ನ 3 ಎಂ.ಎಂ. ತಗಡು ಆನಿಸಿ, ತೂತಿನ ಅಂಚಿಗೆ ಪ್ರೈಮರ್ ಹಚ್ಚಿ. ಇಲ್ಲದಿದ್ದರೆ ಬಾಡಿ ತಗಡು ಬಗ್ಗಿ ತೂತಿನ ಸುತ್ತ ತುಕ್ಕು ಏಳುತ್ತದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದಲ್ಲಿ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಎಂದಿದೆ. ಒಂದು ತೂತು ಬದಲಾವಣೆಯೋ ಅಲ್ಲವೋ ಎಂದು ಆರ್‌ಟಿಒ ಕಚೇರಿಯಲ್ಲಿ ವಾದ ಮಾಡುವುದಕ್ಕಿಂತ ಕೊರೆಯದಿರುವುದೇ ಮೇಲು.

ಒಳಗನ್ನಡಿ ಬೇಡ. ಕ್ಯಾನ್ವಾಸ್ ಹುಡ್ ಹಾಕಿದರೆ ಹಿಂದೆ ಇರುವುದು ಒಂದು ಕಿಂಡಿ, ಬಲಗಡೆ ಸ್ಟೆಪ್ನಿ, ನಡುವೆ ಕೂತವರ ತಲೆಗಳು. ಗಾಜು ಮಡಚಿದರೆ ಬಾನೆಟ್ಟಿಗೂ ಫ್ರೇಮಿಗೂ ನಡುವೆ ಸಿಕ್ಕಿ ಒಡೆಯುವುದೂ ಅದೇ.

ಹಾಕಿದ ಮೇಲೆ

ಮಲೆನಾಡಿನ ಮಳೆಗೆ ಕನ್ನಡಿಯ ಅಂಚು ಕಪ್ಪಾಗುವುದು ಸಾಮಾನ್ಯ. ನೀರು ಗಾಜಿನ ಹಿಂದಿನ ಬಟ್ಟಲಿನೊಳಗೆ ಇಳಿದು ರಸಲೇಪ ತಿನ್ನುತ್ತದೆ. ಅಂಚಿಗೆ ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆಯದು ಬೇಡ, ಅದರ ಆಮ್ಲವೇ ಲೇಪವನ್ನು ಕೆಡಿಸುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನು ಕೊಳ್ಳಿ. ಬಟ್ಟಲಿನ ಕೆಳತುದಿಯಲ್ಲಿ 2 ಎಂ.ಎಂ. ತೂತು ಬಿಡಿ, ಹೊಕ್ಕ ನೀರು ಹೊರಗೆ ಹೋಗಲಿ. ಹಳೆಯ ದುಂಡುಗನ್ನಡಿಯ ಅಂಚು ಮಡಚಿ ಮುಚ್ಚಿದ್ದಾದರೆ ಗಾಜು ಬದಲಿಸಲು ಅದನ್ನು ಎಬ್ಬಿಸಲು ಹೋಗಬೇಡಿ, ತಗಡು ಸೀಳುತ್ತದೆ.

ಹೊಂದಿಸುವಾಗ ಗಾಡಿ ಸಮತಟ್ಟಿನಲ್ಲಿರಲಿ, ಡ್ರೈವರ್ ಮಾಮೂಲಿನಂತೆ ಕೂತಿರಲಿ. ಬಲಗನ್ನಡಿಯ ಒಳ ಅಂಚಿನಲ್ಲಿ ಬಾಡಿಯ ಹಿಂದಿನ ಮೂಲೆ ಒಂದು ಬೆರಳಷ್ಟು ಕಂಡರೆ ಸಾಕು, ದಿಗಂತ ನಡುವಿನಿಂದ ಚೂರು ಮೇಲಿರಲಿ. ಬಾಲ್ ಜಾಯಿಂಟನ್ನು ಗಾಳಿಗೆ ತಿರುಗದಷ್ಟು, ಆದರೆ ಕಾಫಿ ಗಿಡದ ರೆಂಬೆ ಬಡಿದರೆ ಮಡಚಿಕೊಳ್ಳುವಷ್ಟು ಬಿಗಿಯಿರಿ. ತೋಟದ ದಾರಿಯಲ್ಲಿ ಕಲ್ಲಿನಂತೆ ಬಿಗಿದ ಕನ್ನಡಿಗೆ ರೆಂಬೆ ಸಿಕ್ಕಿದರೆ ಬಗ್ಗುವುದು ಹಿಂಜಿನ ಬುಡದ ತಗಡು. ಮೊದಲ ನೂರು ಕಿ.ಮೀ. ಓಡಿಸಿದ ಮೇಲೆ ಹಿಂಜ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ಗ್ಯಾಸ್ಕೆಟ್ ಪೇಪರ್ ಅಷ್ಟರಲ್ಲಿ ಅಮುಕಿಕೊಂಡು ಬೋಲ್ಟ್ ಸಡಿಲಾಗಿರುತ್ತದೆ.