5101 ಚಿಪ್ಪಿನ ಜಾಗಕ್ಕೆ ಬ್ಯಾಟರಿ ಬೇಡದ ಮೆಮೊರಿ: ನಾಲ್ಕು ತಿಂಗಳ ಬಳಕೆಯ ನಂತರ

ಹಳೆಯ ಪಿನ್‌ಬಾಲ್ ಯಂತ್ರಗಳ (ಉಕ್ಕಿನ ಗುಂಡನ್ನು ಚಿಮ್ಮಿಸಿ ಅಂಕ ಗಳಿಸುವ ಆಟದ ಯಂತ್ರಗಳು) 5101 ಮೆಮೊರಿ ಚಿಪ್ಪಿಗೆ ಬದಲಾಗಿ ಕೂರಿಸಬಹುದಾದ, ಬ್ಯಾಟರಿಯ ಹಂಗಿಲ್ಲದ ಪುಟ್ಟ ಬೋರ್ಡೊಂದನ್ನು ನಾಲ್ಕು ತಿಂಗಳ ಹಿಂದೆ ವಿದೇಶದಿಂದ ತರಿಸಿಕೊಂಡೆ. ಅಂಚೆ ವೆಚ್ಚ, ಸುಂಕ ಎಲ್ಲ ಸೇರಿ 2,600 ರೂಪಾಯಿ ಆಯಿತು. ವಸ್ತು ಒಳ್ಳೆಯದೇ, ಕೊಂಡದ್ದಕ್ಕೆ ಬೇಸರವಿಲ್ಲ. ಆದರೆ ಮತ್ತೆ ಮತ್ತೆ ಬರುವ ಮೆಮೊರಿ ದೋಷಕ್ಕೆ ಇದೊಂದೇ ಮದ್ದೆಂದು ನಂಬಿ ಕೊಳ್ಳುವವರು, ಮೊದಲ ವಾರ ನಾನು ಪಟ್ಟ ನಿರಾಶೆಯನ್ನೇ ಪಡುತ್ತಾರೆ.

ಸೋದರಮಾವ ದಸರಾ ವಸ್ತುಪ್ರದರ್ಶನದಲ್ಲಿ ಆಟದ ಮಳಿಗೆ ಹಾಕುತ್ತಿದ್ದ ಕಾಲದ ಈ ಯಂತ್ರ ಈಗ ಮೈಸೂರಿನ ಸರಸ್ವತಿಪುರದ ನಮ್ಮ ಮನೆಯ ವರಾಂಡದಲ್ಲಿದೆ. ಆ ಕಾಲದ ಬ್ಯಾಲಿ ಮತ್ತು ಸ್ಟರ್ನ್ ಕಂಪನಿಗಳ ಯಂತ್ರಗಳ ಮುಖ್ಯ ಬೋರ್ಡಿನಲ್ಲಿ ಮೊಟೊರೊಲಾ 6800 ಪ್ರೊಸೆಸರ್ ಜೊತೆಗೆ ಒಂದು ಎಲ್‌ಇಡಿ ದೀಪ ಇರುತ್ತದೆ. ಸ್ವಿಚ್ ಹಾಕಿದೊಡನೆ ಅದು ಕ್ಷಣಮಾತ್ರ ಮಿಣುಕಿ, ಆಮೇಲೆ ಒಂದೊಂದು ಪರೀಕ್ಷೆ ಮುಗಿದಂತೆ ಒಂದೊಂದು ಸಲ ಮಿನುಗುತ್ತದೆ. ಮೊದಲ ಮಿನುಗು ಪ್ರೋಗ್ರಾಮ್ ಚಿಪ್ಪುಗಳದ್ದು, ಎರಡನೆಯದು 128 ಬೈಟಿನ 6810 ಮೆಮೊರಿಯದ್ದು, ಮೂರನೆಯದು ಈ 5101ರದ್ದು. ಒಟ್ಟು ಏಳೂ ಬಿದ್ದರೆ ಮಾತ್ರ ಆಟ ಆರಂಭವಾಗುತ್ತದೆ. ಪರದೆಯಿಲ್ಲದ ಯಂತ್ರಕ್ಕೆ ಒಂದೇ ದೀಪದಿಂದ ಮಾತು ಕಲಿಸಿದ ವಿನ್ಯಾಸಕರ ಜಾಣತನವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ನಮ್ಮ ಯಂತ್ರ ಎರಡನೆಯ ಮಿನುಗಿಗೇ ನಿಂತುಬಿಡುತ್ತಿತ್ತು. ಅದೂ ದಿನವೂ ಅಲ್ಲ. ಡಿಸೆಂಬರಿನ ತಣ್ಣನೆಯ ಬೆಳಗಿನಲ್ಲಿ ಮೊಂಡು ಹಿಡಿದದ್ದು ಮಧ್ಯಾಹ್ನದ ಹೊತ್ತಿಗೆ ತಾನೇ ಸರಿಹೋಗುತ್ತಿತ್ತು. ಸರಿಹೋದ ದಿನಗಳಲ್ಲಿಯೂ ಗರಿಷ್ಠ ಅಂಕದ ಜಾಗದಲ್ಲಿ ಯಾರೂ ಗಳಿಸದ ಸಂಖ್ಯೆಗಳು ಕಾಣಿಸಿಕೊಳ್ಳುತ್ತಿದ್ದವು. ನಗರದ ಒಂದು ರಿಪೇರಿ ಅಂಗಡಿಯವರು ಮೂರನೆಯ ಮಿನುಗು ಇಲ್ಲವೆಂದರೆ 5101 ಕೆಟ್ಟಿದೆಯೆಂದೇ ಅರ್ಥ ಎಂದು ಹೇಳಿ, ಎರಡು ಸಲ ಚಿಪ್ ಬದಲಿಸಿ, ಸಲಕ್ಕೆ 900 ರೂಪಾಯಿ ಪಡೆದರು. ಎರಡು ಸಲವೂ ಹದಿನೈದು ದಿನ ಚೆನ್ನಾಗಿತ್ತು, ಅಷ್ಟೆ. ಇದರಿಂದ ಬೇಸತ್ತೇ ಹೊಸ ಬೋರ್ಡ್ ತರಿಸಿದ್ದು. ಅದನ್ನು ಕೂರಿಸಿದ ನಾಲ್ಕನೆಯ ಬೆಳಗ್ಗೆ ಮತ್ತೆ ಎರಡೇ ಮಿನುಗು.

ಕೊನೆಗೆ ದಾರಿ ತೋರಿಸಿದವರು ಎದುರು ಮನೆಯ ನಿವೃತ್ತ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಬೋರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಚಿಪ್ಪನ್ನ ಎಷ್ಟು ಸಲ ಬದಲಾಯಿಸ್ತೀರಿ ಸ್ವಾಮಿ, ಅದು ಕೂತಿರೋ ಮಣೆ ನೋಡಿದ್ದೀರಾ?” ಎಂದರು. 5101 ಎಂಬುದು ನಾಲ್ಕು ಬಿಟ್‌ಗಳ 256 ಮನೆಗಳಿರುವ ಚಿಪ್ಪು. ಯಂತ್ರ ಆರಿದ ಮೇಲೂ ಅಂಕ, ಕ್ರೆಡಿಟ್ (ಆಡಲು ಬಾಕಿ ಇರುವ ಆಟಗಳು), ನಾಣ್ಯದ ಲೆಕ್ಕಗಳನ್ನು ಅದು ಉಳಿಸಿಕೊಳ್ಳಲೆಂದು ಮೂಲ ಬೋರ್ಡಿನ ಮೇಲೆಯೇ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸೆದಿರುತ್ತಾರೆ. ದಶಕಗಳು ಕಳೆದ ಮೇಲೆ ಇಂಥ ಬ್ಯಾಟರಿ ಸೋರದೆ ಉಳಿಯುವುದು ಅಪರೂಪ. ಸೋರಿದ ಕ್ಷಾರ ನಮ್ಮ ಬೋರ್ಡಿನಲ್ಲಿ ಹಸಿರು ಲೇಪನದ ಅಡಿಯಲ್ಲೇ ಹರಿದು, ಚಿಪ್ಪು ಕೂರುವ ಸಾಕೆಟ್ಟಿನ ಕಾಲುಗಳನ್ನೂ ರೀಸೆಟ್ ಭಾಗದ ಬಿಡಿಭಾಗಗಳನ್ನೂ ತಿಂದಿತ್ತು. ಚಿಪ್ ಬದಲಿಸುವಾಗ ಕಾಲುಗಳು ಉಜ್ಜಿಕೊಂಡು ಹೊಳಪಾಗುತ್ತಿದ್ದುದರಿಂದಲೇ ಆ ಹದಿನೈದು ದಿನಗಳ ಭಾಗ್ಯ! ಇನ್ನು ವಿಚಿತ್ರ ಅಂಕಗಳಿಗೆ ಕಾರಣ ಬೇರೆ: ವಿದ್ಯುತ್ತು ಇಳಿಯುವ ಕ್ಷಣದಲ್ಲಿ ಮೆಮೊರಿಗೆ ಏನನ್ನೂ ಬರೆಯದಂತೆ ತಡೆಯಬೇಕಾದ ರೀಸೆಟ್ ಭಾಗವೇ ಹದಗೆಟ್ಟಿದ್ದರಿಂದ, ಪ್ರೊಸೆಸರ್ ಸಾಯುವಾಗ ತೋಚಿದ್ದನ್ನು ಗೀಚಿ ಹೋಗುತ್ತಿತ್ತು.

ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಆ ಮೂಲೆಯನ್ನು ಬಿಳಿ ವಿನೆಗರ್‌ನಿಂದ ಉಜ್ಜಿ, ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಿಸಿದೆವು. ಸವೆದ ಎರಡು ತಾಮ್ರದ ಗೆರೆಗಳಿಗೆ ತಂತಿ ಬೆಸೆದು, ರೀಸೆಟ್ ಭಾಗದ ಟ್ರಾನ್ಸಿಸ್ಟರುಗಳನ್ನು ಬದಲಿಸಿದೆವು. 22 ಕಾಲುಗಳ ಈ ಅಳತೆಯ ಸಾಕೆಟ್ ಶಿವರಾಂಪೇಟೆಯಲ್ಲಿ ಕೇಳಿದ ಕಡೆಯೆಲ್ಲ ಸಿಗಲಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂಟಿ ಸಾಲಿನ ಗುಂಡು ರಂಧ್ರದ ಸಾಕೆಟ್ ಪಟ್ಟಿ ತರಿಸಿ, ಹನ್ನೊಂದರಂತೆ ಎರಡು ತುಂಡು ಮಾಡಿ ಬೆಸೆದೆವು. 5 ವೋಲ್ಟ್ ಪೂರೈಸುವ ಬೋರ್ಡಿನ 11,700 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಣಗಿದ್ದರೂ ಇಂಥದೇ ಕಾಟ ಕೊಡುತ್ತದೆಯೆಂದು ಮೇಷ್ಟ್ರು ಅದನ್ನೂ ಬದಲಿಸಿದರು. ಅದರ ಪಾಲು ಎಷ್ಟಿತ್ತೋ, ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಬಿಡಿಸಿ ಹೇಳುವಂತಿಲ್ಲ.

ಇಷ್ಟಾದ ಮೇಲೆ ಈ ಪುಟ್ಟ ಬೋರ್ಡ್ ತನ್ನ ಬೆಲೆಗೆ ತಕ್ಕಂತೆ ನಡೆದುಕೊಂಡಿದೆ. ಇದರೊಳಗಿನ ಫೆರೊಎಲೆಕ್ಟ್ರಿಕ್ ಮೆಮೊರಿಗೆ ಬರೆದದ್ದನ್ನು ಉಳಿಸಿಕೊಳ್ಳಲು ವಿದ್ಯುತ್ತು ಬೇಕಿಲ್ಲವಾದ್ದರಿಂದ, ಇನ್ನು ಮುಂದೆ ಸೋರುವ ವಸ್ತುವೇ ಬೋರ್ಡಿನ ಮೇಲಿಲ್ಲ. ಅಂದಿನಿಂದ ಪ್ರತಿದಿನವೂ ಏಳು ಮಿನುಗು ಎಣಿಸಿದ್ದೇನೆ. ಆಟದ ನಡುವೆ ಕರೆಂಟ್ ಹೋಗಿ ಬಂದಾಗಲೂ ಅಂಕಗಳು ಅಲುಗಾಡಿಲ್ಲ. ಕಾಲುಗಳು ಗಟ್ಟಿಯಾಗಿವೆ, ಅಳತೆ ಸರಿಯಾಗಿದೆ, ಬೆಸುಗೆ ಅಚ್ಚುಕಟ್ಟಾಗಿದೆ.

ಕೊರತೆಯೊಂದಿದೆ. ಹೊಸ ಬೋರ್ಡಿನಲ್ಲಿ ಮೊದಲೇ ಅರ್ಥವಿಲ್ಲದ ಅಂಕೆಗಳು ತುಂಬಿರುತ್ತವೆ. ಒಮ್ಮೆ ಕ್ರೆಡಿಟ್ ಮತ್ತು ಗರಿಷ್ಠ ಅಂಕಗಳನ್ನು ಸೊನ್ನೆ ಮಾಡಿಕೊಳ್ಳದಿದ್ದರೆ ಅವು ಹಾಗೆಯೇ ಉಳಿಯುತ್ತವೆ.  ರೀಸೆಟ್ ಭಾಗ ಸರಿಯಿಲ್ಲದ ಯಂತ್ರಕ್ಕೆ ಹಾಕಿದರೆ, ಗೀಚಿದ್ದನ್ನೂ ಇದು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಈ ಎರಡು ಮಾತುಗಳನ್ನು ಬರೆದ ಒಂದು ಚೀಟಿಯನ್ನಾದರೂ ಮಾರಾಟಗಾರರು ಪೊಟ್ಟಣದಲ್ಲಿ ಇಡಬಹುದಿತ್ತು. ನನಗೆ ಬಂದದ್ದರಲ್ಲಿ ಬೋರ್ಡ್ ಮತ್ತು ಸ್ಪಂಜಿನ ಚೂರು ಬಿಟ್ಟರೆ ಬೇರೇನೂ ಇರಲಿಲ್ಲ.