ದಂತ ಚಿಕಿತ್ಸಾಲಯಕ್ಕೆ ಬಿ ದರ್ಜೆಯ ಆಟೋಕ್ಲೇವ್: ಬಳಸಿದ ಮೇಲೆ ಹೇಳಬೇಕಾದದ್ದು

ಹಲ್ಲಿನ ಚಿಕಿತ್ಸಾಲಯಕ್ಕೆಂದು ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಿಂದ ಉಪಕರಣಗಳನ್ನು ಕ್ರಿಮಿರಹಿತಗೊಳಿಸುವ ಯಂತ್ರ, ಕೊಳ್ಳಲು ಹೊರಟರೆ ಮಾರಾಟದವರು ಎಷ್ಟು ಲೀಟರ್, ಎಷ್ಟು ನಿಮಿಷ, ಎಷ್ಟು ಬೆಲೆ ಎಂಬುದನ್ನು ಮೊದಲು ಹೇಳುತ್ತಾರೆ. ಮೇಜಿನ ಮೇಲೆ ಕೂರುವ, 23 ಲೀಟರಿನ, ಬಿ ದರ್ಜೆಯ (ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯುವ) ಯಂತ್ರವೊಂದನ್ನು ನಾನು ನಿತ್ಯ ಬಳಸುತ್ತಿದ್ದೇನೆ. ಅದಕ್ಕೂ ಮುಂಚೆ ಮೇಲಿನಿಂದ ಮುಚ್ಚಳ ಬಿಗಿಯುವ ಡ್ರಮ್ಮಿನಂಥ ಹಳೆಯ ಆಟೋಕ್ಲೇವನ್ನು ಬಳಸಿದ್ದೆ. ಎರಡನ್ನೂ ಹತ್ತಿರದಿಂದ ಕಂಡ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಆಟೋಕ್ಲೇವ್ ಒಳ್ಳೆಯದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದು ತನ್ನೊಳಗಿನ ಗಾಳಿಯನ್ನು ಎಷ್ಟು ಪೂರ್ತಿಯಾಗಿ ಹೊರಹಾಕುತ್ತದೆ ಎಂಬ ಒಂದೇ ಗುಣ. ಇದೇ ದರ್ಜೆಯ ಯಂತ್ರಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ, ನನ್ನ ಮಾತು ಅವೆಲ್ಲಕ್ಕೂ ಅನ್ವಯಿಸುತ್ತದೆ. ಆದ್ದರಿಂದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ.

ಗಾಳಿಗೆ ಇಷ್ಟು ಮಹತ್ವ ಏಕೆ ಎಂಬುದು ತಿಳಿಯಬೇಕಾದರೆ ಹಬೆ ಕೆಲಸ ಮಾಡುವ ಬಗೆಯನ್ನು ಗಮನಿಸಬೇಕು. ಒಂದು ಕಿಲೋ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 419 ಕಿಲೋಜೂಲ್ ಶಾಖ ಸಾಕು. ಆದರೆ ಕುದಿಯುತ್ತಿರುವ ಅದೇ ನೀರು ಪೂರ್ತಿ ಹಬೆಯಾಗಲು ಇನ್ನೂ ಸುಮಾರು 2257 ಕಿಲೋಜೂಲ್ ಬೇಕು. ಹಬೆಯು ತಣ್ಣಗಿರುವ ಉಕ್ಕಿನ ಉಪಕರಣಕ್ಕೆ ತಾಗಿ ಮತ್ತೆ ನೀರಾಗುವಾಗ ತನ್ನಲ್ಲಿ ಅಡಗಿದ್ದ ಈ ಗುಪ್ತೋಷ್ಣವನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ, ಮತ್ತು ಆ ತೇವದ ಶಾಖಕ್ಕೆ ಸೂಕ್ಷ್ಮಜೀವಿಗಳ ಪ್ರೋಟೀನುಗಳು ಬಲುಬೇಗ ಹೆಪ್ಪುಗಟ್ಟಿ ಕೆಡುತ್ತವೆ. ಒಣ ಶಾಖದ ಓವನ್ನಿನಲ್ಲಿ 160 ಡಿಗ್ರಿಯಲ್ಲಿ 2 ಗಂಟೆ ಹಿಡಿಯುವ ಕೆಲಸ ಹಬೆಯಲ್ಲಿ 121 ಡಿಗ್ರಿಯಲ್ಲಿ 15 ನಿಮಿಷಕ್ಕೆ, 134 ಡಿಗ್ರಿಯಲ್ಲಿ ಬರೀ 3 ನಿಮಿಷಕ್ಕೆ ಮುಗಿಯುವುದು ಇದರಿಂದಲೇ. ಒತ್ತಡವು ತಾನಾಗಿ ಯಾವ ಕ್ರಿಮಿಯನ್ನೂ ಕೊಲ್ಲುವುದಿಲ್ಲ; ಅಡುಗೆಮನೆಯ ಕುಕ್ಕರಿನಲ್ಲಿರುವಂತೆ ಇಲ್ಲಿಯೂ ಅದರ ಕೆಲಸ ನೀರಿನ ಕುದಿಯುವ ಬಿಂದುವನ್ನು ಮೇಲಕ್ಕೇರಿಸುವುದು ಮಾತ್ರ. ಲೂಯಿ ಪಾಶ್ಚರ್ ಅವರ ಸಹೋದ್ಯೋಗಿ ಶಾರ್ಲ್ ಶಾಂಬರ್ಲಾಂ 1879ರಲ್ಲಿ ಮೊದಲ ಆಟೋಕ್ಲೇವನ್ನು ರೂಪಿಸಿದಂದಿನಿಂದ ಈ ಮೂಲತತ್ತ್ವ ಬದಲಾಗಿಲ್ಲ.

ಬದಲಾಗಿರುವುದು ಗಾಳಿಯನ್ನು ತೆಗೆಯುವ ವಿಧಾನ. ಹಬೆಗಿಂತ ಗಾಳಿ ಭಾರ. ಆದ್ದರಿಂದ ಹಳೆಯ ಬಗೆಯ ಯಂತ್ರದಲ್ಲಿ ಹಬೆ ಮೇಲೆ ತುಂಬುತ್ತಾ ಗಾಳಿಯನ್ನು ಕೆಳಗೆ ತಳ್ಳಿ ಹೊರದಾರಿ ಹಿಡಿಸುತ್ತದೆ. ಬಿಡಿಯಾಗಿ ಹರಡಿಟ್ಟ ಫೋರ್ಸೆಪ್ಸ್, ಬಾಯಿಗನ್ನಡಿ, ಪ್ರೋಬ್‌ಗಳಿಗೆ ಇದು ಸಾಕು. ಇಂಥ ಯಂತ್ರಗಳನ್ನು ಎನ್ ದರ್ಜೆ ಎನ್ನುತ್ತಾರೆ. ಆದರೆ ಗಾಳಿಯು ಅರ್ಧದಷ್ಟು ಒಳಗೇ ಉಳಿದುಬಿಟ್ಟರೆ ಒತ್ತಡ ತೋರಿಸುವ ಗೇಜಿನ ಮುಳ್ಳು (ಚದರ ಇಂಚಿಗೆ) 15 ಪೌಂಡ್ ತೋರಿಸುತ್ತಿರುವಾಗಲೂ ಒಳಗಿನ ಉಷ್ಣತೆ 112 ಡಿಗ್ರಿಯ ಆಸುಪಾಸಿನಲ್ಲಿ ನಿಂತಿರುತ್ತದೆ. ಹಲ್ಲು ಕೊರೆಯುವ ಹ್ಯಾಂಡ್‌ಪೀಸಿನ ವಿಷಯದಲ್ಲಂತೂ ತೊಡಕು ಇನ್ನೂ ದೊಡ್ಡದು. ಅದರೊಳಗೆ ಗಾಳಿಗೂ ನೀರಿಗೂ ಮಾಡಿರುವ ಕೂದಲೆಳೆಯಂಥ ಕೊಳವೆಗಳಿವೆ. ರೋಗಿಯ ಬಾಯಿಯ ರಕ್ತ ಮತ್ತು ಜೊಲ್ಲು ಅವುಗಳೊಳಕ್ಕೆ ಸೇರಬಹುದು, ಹಬೆ ಮಾತ್ರ ಅಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತಾನಾಗಿ ದಾಟಿಕೊಂಡು ಹೋಗಲಾರದು.

ಬಿ ದರ್ಜೆಯ ಯಂತ್ರ ಇಲ್ಲಿಯೇ ತನ್ನ ಬೆಲೆಯನ್ನು ಸಾರ್ಥಕಪಡಿಸಿಕೊಳ್ಳುತ್ತದೆ. ಬಾಗಿಲು ಹಾಕಿ ಗುಂಡಿ ಒತ್ತಿದ ಮೇಲೆ ನಿರ್ವಾತ ಪಂಪು ಗೊರಗುಟ್ಟುತ್ತಾ ಒಳಗಿನ ಗಾಳಿಯನ್ನು ಎಳೆಯುತ್ತದೆ, ಪರದೆಯ ಮೇಲೆ ಒತ್ತಡದ ಅಂಕಿ ಸೊನ್ನೆಯಿಂದ ಕೆಳಗಿಳಿಯುತ್ತದೆ, ಬಳಿಕ ಹಬೆ ಒಳನುಗ್ಗಿ ಅಂಕಿ ಮೇಲೇರುತ್ತದೆ, ಮತ್ತೆ ಪಂಪು ಎಳೆಯುತ್ತದೆ. ಹೀಗೆ ಮೂರು ಸಲ ಎಳೆದು ತುಂಬಿದ ಮೇಲೆಯೇ ಉಷ್ಣತೆ 134 ಡಿಗ್ರಿಯತ್ತ ಸಾಗುತ್ತದೆ. ಪೌಚಿನಲ್ಲಿ (ಒಂದು ಬದಿ ಕಾಗದ, ಇನ್ನೊಂದು ಬದಿ ಪ್ಲಾಸ್ಟಿಕ್ ಇರುವ ಚೀಲದಲ್ಲಿ) ಮುಚ್ಚಿದ ಉಪಕರಣ, ಬಟ್ಟೆಯ ಕಟ್ಟು, ಟೊಳ್ಳಾದ ಹ್ಯಾಂಡ್‌ಪೀಸು, ಇವೆಲ್ಲವೂ ಒಂದೇ ಯಂತ್ರದಲ್ಲಿ ನಂಬಿಕೆಯಿಂದ ಶುದ್ಧವಾಗುತ್ತವೆ. ಕೊನೆಯಲ್ಲಿ ಮತ್ತೊಮ್ಮೆ ನಿರ್ವಾತ ಮಾಡಿ ಒಣಗಿಸುವುದನ್ನು ಹೊಸಬರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಅದನ್ನೂ ಕಡೆಗಣಿಸುವಂತಿಲ್ಲ; ಏಕೆಂದರೆ ಪೌಚಿನ ಕಾಗದ ಒದ್ದೆಯಾಗಿಯೇ ಹೊರಬಂದರೆ ಹೊರಗಿನ ಕ್ರಿಮಿಗಳು ಆ ತೇವದ ಮೂಲಕವೇ ಒಳಕ್ಕೆ ದಾಟುತ್ತವೆ. ಪೌಚುಗಳನ್ನು ಒಂದರ ಮೇಲೊಂದು ಪೇರಿಸದೆ, ಒಂದರ ಕಾಗದದ ಬದಿ ಇನ್ನೊಂದರ ಪ್ಲಾಸ್ಟಿಕ್ ಬದಿಗೆ ಎದುರಾಗುವಂತೆ ರ‍್ಯಾಕಿನಲ್ಲಿ ಅಂಚಿನ ಮೇಲೆ ನಿಲ್ಲಿಸಿದರೆ ಒಣಗುವುದು ಚೆನ್ನಾಗಿರುತ್ತದೆ.

ಯಂತ್ರ ಸರಿಯಾಗಿ ಕೆಲಸ ಮಾಡಿತೆಂದು ತಿಳಿಯುವುದು ಹೇಗೆ ಎಂಬ ವಿಷಯದಲ್ಲಿ ನಮ್ಮಲ್ಲಿ ಇನ್ನೂ ಸಾಕಷ್ಟು ಉದಾಸೀನವಿದೆ, ಅದು ನನಗೆ ನಿಜವಾಗಿಯೂ ಕಳವಳ ತರುತ್ತದೆ. ಪೌಚಿನ ಮೇಲಿನ ಟೇಪಿನ ಗೆರೆ ಕಪ್ಪಾದರೆ ಅದು ಬಿಸಿ ಕಂಡಿದೆ ಎಂದಷ್ಟೇ ಅರ್ಥ. ಗಾಳಿ ಹೋಗಿದೆಯೇ ಎಂದು ನೋಡಲು ಹೀಲಿಕ್ಸ್ ಪರೀಕ್ಷೆಯಿದೆ: ಒಂದೂವರೆ ಮೀಟರ್ ಉದ್ದದ ಸಪೂರ ಕೊಳವೆಯ ತುದಿಯಲ್ಲಿರುವ ಸಣ್ಣ ಡಬ್ಬಿಯೊಳಗೆ ಬಣ್ಣ ಬದಲಿಸುವ ಪಟ್ಟಿಯನ್ನಿಟ್ಟು ಖಾಲಿ ಯಂತ್ರವನ್ನು ನಡೆಸಬೇಕು, ಹಬೆ ಕೊಳವೆಯುದ್ದಕ್ಕೂ ಹೊಕ್ಕಿದ್ದರೆ ಮಾತ್ರ ಪಟ್ಟಿ ಪೂರ್ತಿ ಬಣ್ಣ ಬದಲಿಸುತ್ತದೆ. ಬಟ್ಟೆಯ ಕಟ್ಟುಗಳನ್ನು ಹಾಕುವ ದೊಡ್ಡ ಆಸ್ಪತ್ರೆಗಳಲ್ಲಿ ಇದೇ ಉದ್ದೇಶಕ್ಕೆ 1963ರಿಂದ ಬಳಕೆಯಲ್ಲಿರುವ ಬೋವಿ–ಡಿಕ್ ಪರೀಕ್ಷೆಯನ್ನು ದಿನದ ಮೊದಲ ಸರದಿಗೆ ಮುಂಚೆ ಮಾಡುತ್ತಾರೆ. ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಬೀಜಾಣು ಪರೀಕ್ಷೆಯದು. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ, ಶಾಖವನ್ನು ಬಹಳವಾಗಿ ತಡೆದುಕೊಳ್ಳುವ ಬ್ಯಾಕ್ಟೀರಿಯಾದ ಬೀಜಾಣುಗಳಿರುವ ನೇರಳೆ ಬಣ್ಣದ ಪುಟ್ಟ ಸೀಸೆಯನ್ನು ಉಪಕರಣಗಳ ನಡುವೆ ಇಟ್ಟು ಯಂತ್ರ ನಡೆಸಿ, ಆಮೇಲೆ ಅದನ್ನು 55ರಿಂದ 60 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿಡಬೇಕು. ಜೊತೆಗೆ, ಯಂತ್ರಕ್ಕೆ ಹಾಕದೆ ಉಳಿಸಿಕೊಂಡ ಇನ್ನೊಂದು ಸೀಸೆಯನ್ನೂ ಇಡಬೇಕು. ಹಾಕದ ಸೀಸೆ ಹಳದಿಗೆ ತಿರುಗಿ, ಹಾಕಿದ್ದು ನೇರಳೆಯಾಗಿಯೇ ಉಳಿದರೆ ಯಂತ್ರ ತನ್ನ ಕೆಲಸ ಮಾಡಿದೆ ಎಂದು ನಂಬಬಹುದು. ವಾರಕ್ಕೊಮ್ಮೆಯಾದರೂ ಇದನ್ನು ಮಾಡದ ಚಿಕಿತ್ಸಾಲಯಕ್ಕೆ ಎಷ್ಟು ದುಬಾರಿ ಯಂತ್ರ ತಂದರೂ ಪ್ರಯೋಜನವಿಲ್ಲ.

ಕರ್ನಾಟಕದ ಎತ್ತರದ ಊರುಗಳವರು ಗಮನಿಸಲೇಬೇಕಾದ ಇನ್ನೊಂದು ಸಂಗತಿಯಿದೆ. ಮಂಗಳೂರಿನಲ್ಲಿ ಗೇಜು 15 ಪೌಂಡ್ ತೋರಿಸಿದರೆ ಒಳಗೆ 121 ಡಿಗ್ರಿ ಇರುತ್ತದೆ. ಆದರೆ ಗೇಜು ಅಳೆಯುವುದು ಹೊರಗಿನ ವಾಯುಭಾರಕ್ಕಿಂತ ಎಷ್ಟು ಹೆಚ್ಚು ಎಂಬುದನ್ನಾದ್ದರಿಂದ, ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದೇ ಮುಳ್ಳು ಅದೇ ಅಂಕಿಯಲ್ಲಿ ನಿಂತಾಗ ಒಳಗಿರುವುದು ಸುಮಾರು 119 ಡಿಗ್ರಿ, ಬೆಂಗಳೂರಿನಲ್ಲಿ ಅದಕ್ಕಿಂತ ತುಸು ಹೆಚ್ಚು. ಎರಡು ಡಿಗ್ರಿ ಅಲ್ಪವೆಂದು ತೋರಬಹುದು, ಆದರೆ ಬೀಜಾಣುಗಳನ್ನು ಕೊಲ್ಲುವ ವೇಗ ಅಷ್ಟಕ್ಕೇ ಮೂರನೇ ಒಂದು ಪಾಲಿಗಿಂತ ಹೆಚ್ಚು ಕುಗ್ಗುತ್ತದೆ. ಬಿ ದರ್ಜೆಯ ಯಂತ್ರ ಉಷ್ಣತೆಯನ್ನೇ ನೇರವಾಗಿ ಅಳೆದು ಪ್ರಿಂಟರಿನಲ್ಲಿ ದಾಖಲಿಸುವುದರಿಂದ ಈ ಲೋಪ ತಪ್ಪುತ್ತದೆ. ಗೇಜನ್ನೇ ನಂಬಿ ನಡೆಸುವ ಹಳೆಯ ಬಗೆಯ ಯಂತ್ರ ಕೊಳ್ಳುವವರು ಥರ್ಮಾಮೀಟರ್ ಇರುವುದನ್ನೇ ಆರಿಸಿಕೊಳ್ಳಬೇಕು.

ಕುಂದುಗಳೂ ಇವೆ. ಬೆಲೆ ಎನ್ ದರ್ಜೆಯದಕ್ಕಿಂತ ಹಲವು ಪಟ್ಟು. ಸುಮಾರು ಎರಡು ಕಿಲೋವಾಟ್ ವಿದ್ಯುತ್ ಬೇಡುವುದರಿಂದ ಮಾಮೂಲಿ ಇನ್‌ವರ್ಟರಿನ ಮೇಲೆ ಇದು ನಡೆಯುವುದಿಲ್ಲ. ನಡುವೆ ಕರೆಂಟು ಹೋದರೆ ಆ ಸರದಿ ವ್ಯರ್ಥವಾಗಿ ಮೊದಲಿನಿಂದ ಶುರು ಮಾಡಬೇಕು, ಹಾಗಾಗಿ ಸಣ್ಣ ಊರುಗಳಲ್ಲಿ ಉಪಕರಣಗಳ ಹೆಚ್ಚುವರಿ ಸೆಟ್ ಇಟ್ಟುಕೊಳ್ಳದೆ ಗತಿಯಿಲ್ಲ. ಬೋರ್‌ವೆಲ್ ನೀರನ್ನಂತೂ ಹಾಕಲೇಬಾರದು, ಅದರ ಸುಣ್ಣ ಹಬೆ ಉತ್ಪಾದಕದಲ್ಲೂ ವಾಲ್ವಿನಲ್ಲೂ ಕಟ್ಟಿಕೊಂಡು ಯಂತ್ರವನ್ನು ಕೆಡಿಸುತ್ತದೆ. ಡಿಸ್ಟಿಲ್ಡ್ ನೀರಿನ ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು. ಬಾಗಿಲಿನ ಸಿಲಿಕೋನ್ ಗ್ಯಾಸ್ಕೆಟ್ ಸವೆದರೆ ನಿರ್ವಾತ ನಿಲ್ಲುವುದಿಲ್ಲ, ಆದ್ದರಿಂದ ಒಂದನ್ನು ಯಾವಾಗಲೂ ಕೈಯಲ್ಲಿಟ್ಟುಕೊಂಡಿರುವುದು ಒಳ್ಳೆಯದು. ಯಾವ ಯಂತ್ರವೂ ತೊಳೆಯುವ ಕೆಲಸಕ್ಕೆ ಬದಲಿಯಲ್ಲ ಎಂಬುದನ್ನೂ ಹೇಳಲೇಬೇಕು: ಒಣಗಿ ಅಂಟಿದ ರಕ್ತದ ಅಡಿಯಲ್ಲಿ ಹಬೆ ಸರಿಯಾಗಿ ತಾಗುವುದಿಲ್ಲ.

ಇದೇ ತತ್ತ್ವದ ಯಂತ್ರಗಳು ದಂತ ಚಿಕಿತ್ಸಾಲಯದ ಆಚೆಗೂ ದುಡಿಯುತ್ತಿವೆ. ಅಣಬೆ ಬೀಜ ತಯಾರಿಸುವವರು ಬೇಯಿಸಿದ ಕಾಳನ್ನೂ, ಅಂಗಾಂಶ ಕೃಷಿಯಲ್ಲಿ ಬಾಳೆ ಸಸಿ ಬೆಳೆಸುವವರು ಅಗರ್ ಮಾಧ್ಯಮವನ್ನೂ ಇದರಲ್ಲಿಯೇ ಶುದ್ಧಗೊಳಿಸುತ್ತಾರೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರಿಗಾಗಿ ರೂಪಿಸಿದ ರಿಟಾರ್ಟ್ ಪೌಚಿನ ಊಟವೂ ಒತ್ತಡದಡಿಯ ಇಂಥ ಶಾಖದಿಂದಲೇ ಫ್ರಿಜ್ಜಿಲ್ಲದೆ ಕೆಡದೆ ಉಳಿಯುತ್ತದೆ. ದ್ರವಗಳನ್ನು ಹಾಕುವವರಿಗೆ ಮಾತ್ರ ಬೇರೆ ಕ್ರಮ ಬೇಕು, ಒತ್ತಡವನ್ನು ನಿಧಾನವಾಗಿ ಇಳಿಸದಿದ್ದರೆ ಅವು ಉಕ್ಕಿ ಚೆಲ್ಲುತ್ತವೆ. ಎಣ್ಣೆ, ಪುಡಿ, ಶಾಖ ತಾಳದ ಪ್ಲಾಸ್ಟಿಕ್ಕು ಮತ್ತು ಬಾಗುವ ಎಂಡೋಸ್ಕೋಪುಗಳಿಗೆ ಹಬೆ ಸಲ್ಲದು. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ತ್ಯಾಜ್ಯಕ್ಕೆ ಬಳಸುವ ಆಟೋಕ್ಲೇವ್ ಅದಕ್ಕೇ ಮೀಸಲಾಗಿರಬೇಕು. ಉಪಕರಣ ಶುದ್ಧಗೊಳಿಸುವ ಯಂತ್ರಕ್ಕೆ ತ್ಯಾಜ್ಯದ ಚೀಲವನ್ನು ತುರುಕುವಂತಿಲ್ಲ.

ಹ್ಯಾಂಡ್‌ಪೀಸ್ ಬಳಸುವ ಯಾವುದೇ ಚಿಕಿತ್ಸಾಲಯಕ್ಕೆ ಬಿ ದರ್ಜೆಯದನ್ನೇ ಕೊಳ್ಳಿ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಕೊಳ್ಳುವಾಗ ಮುಂಗಡ ಕೊಡುವ ಮುನ್ನ ಮಾರಾಟದವರು ನಿಮ್ಮೆದುರಿಗೇ ಹೀಲಿಕ್ಸ್ ಪರೀಕ್ಷೆ ಮಾಡಿ ಪಟ್ಟಿ ತೋರಿಸಲಿ, ಗ್ಯಾಸ್ಕೆಟ್ಟು ಮತ್ತು ಪಂಪಿನ ಬಿಡಿಭಾಗಗಳು ಎಷ್ಟು ದಿನದಲ್ಲಿ ನಿಮ್ಮ ಊರಿಗೆ ತಲುಪುತ್ತವೆ ಎಂಬುದನ್ನು ಕರಾರಿನಲ್ಲಿ ಬರೆದುಕೊಡಲಿ.