ಬೋರ್ಡೋ ಡ್ರಮ್ಮಿನ ಮಳೆನೀರು, ನನ್ನ ಸೀಗಡಿ ಮರಿಗಳು

ಕೊಡಗಿನ ತೋಟದ ಮನೆಗಳಲ್ಲಿ ಗಾಜಿನ ತೊಟ್ಟಿ ಇಟ್ಟುಕೊಂಡು ಚೆರ್ರಿ ಅನ್ನುವ ಪುಟ್ಟ ಸಿಹಿನೀರಿನ ಸೀಗಡಿ ಸಾಕುವವರು ನನ್ನ ಹಾಗೆ ಇನ್ನೂ ನಾಲ್ಕು ಜನ ಇರಬಹುದು. ಅವರಿಗಾಗಿ ಇದು. ಮಳೆ ಹಿಡಿಯುವ ಮುಂಚೆ ಓದಿ. ಹೋದ ಜೂನ್‌ನಲ್ಲಿ ನಾನು ಎರಡೇ ದಿನದಲ್ಲಿ ಮೂವತ್ತರ ಹತ್ತಿರ ಮರಿಗಳನ್ನು ಕೊಂದೆ.

ನಮ್ಮದು ನಾಪೋಕ್ಲು ಕಡೆ. ಸ್ವಲ್ಪ ಕಾಫಿ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಹಿತ್ತಿಲಲ್ಲಿ ಬಾವಿ. ಹಾಲ್‌ನಲ್ಲಿ 40 ಲೀಟರಿನ ತೊಟ್ಟಿ. ಜನವರಿಯಲ್ಲಿ ಮೈಸೂರಿನ ಒಂದು ಅಂಗಡಿಯಿಂದ ಹನ್ನೆರಡು ಕೆಂಪು ಚೆರ್ರಿ ತಂದಿದ್ದೆ. ಬಸ್ಸಿನಲ್ಲಿ ಇಡೀ ದಾರಿ ಕವರನ್ನು ತೊಡೆ ಮೇಲೇ ಇಟ್ಟುಕೊಂಡಿದ್ದೆ. ಯಾವ ನೀರು ಹಾಕಲಿ ಅಂತ ಕೇಳಿದ್ದಕ್ಕೆ ಅಂಗಡಿಯವರು, "ಕೊಡಗಲ್ವಾ? ಮಳೆನೀರು ಇದೆಯಲ್ಲ, ಅದಕ್ಕಿಂತ ಒಳ್ಳೇದು ಯಾವುದು?" ಅಂದರು. ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು.

ಮೊದಲ ಸಲದ ಮರಿಗಳ ಕತೆ ಚಿಕ್ಕದು. ಫಿಲ್ಟರಿನ ಬಾಯಿಗೆ ಸ್ಪಂಜ್ ಕಟ್ಟಿರಲಿಲ್ಲ, ಎಲ್ಲವನ್ನೂ ಅದು ಎಳೆದುಕೊಂಡಿತು. ತೊಳೆಯಲು ಬಿಚ್ಚಿದಾಗ ಒಳಗೆ ಎರಡು ಜೀವಂತ ಸಿಕ್ಕವು, ಅಷ್ಟೇ. ಆಮೇಲೆ ಗಾಳಿ ಪಂಪಿನಿಂದ ಓಡುವ ಸ್ಪಂಜ್ ಫಿಲ್ಟರ್ ಹಾಕಿದೆ. ಮರಿ ಬೇಕು ಅನ್ನುವವರು ಮೊದಲೇ ಅದನ್ನು ಹಾಕಿ.

ಎರಡನೇ ಸಲ ಎಲ್ಲ ಸರಿಯಾಗಿತ್ತು. ಹೆಣ್ಣಿನ ತಲೆಯ ಹಿಂದೆ, ಬೆನ್ನ ಮೇಲೆ, ಕುದುರೆಗೆ ತಡಿ ಹಾಕಿದ ಹಾಗೆ ಹಳದಿ ಗುರುತು ಕಾಣಿಸಿತು. ಕೆಲವು ದಿನದಲ್ಲಿ ಮೊಟ್ಟೆ ಹೊಟ್ಟೆಯಡಿಗೆ ಇಳಿದವು. ಇಪ್ಪತ್ತು ಮೂವತ್ತು ಇರುತ್ತವೆ. ಮೂರ್ನಾಲ್ಕು ವಾರ ಅವನ್ನು ಹೊತ್ತುಕೊಂಡು, ಬೀಸಣಿಗೆ ಬೀಸಿದ ಹಾಗೆ ಈಜುಗಾಲು ಆಡಿಸುತ್ತಲೇ ಇರುತ್ತಾಳೆ. ಕೊನೆಗೆ ಒಂದೊಂದು ಮೊಟ್ಟೆಯೊಳಗೂ ಎರಡು ಕಪ್ಪು ಚುಕ್ಕಿ ಕಾಣುತ್ತವೆ. ಅದು ಮರಿಯ ಕಣ್ಣು. ಹೊಳೆಯ ದೊಡ್ಡ ಸೀಗಡಿಯ ಮರಿಗಳಿಗೆ ಮೊದಲ ಕೆಲವು ವಾರ ಉಪ್ಪು ಬೆರೆತ ನೀರು ಬೇಕು. ಚೆರ್ರಿಗೆ ಆ ರಗಳೆ ಇಲ್ಲ. ಮೊಟ್ಟೆಯಿಂದ ಬರುವಾಗಲೇ ಎರಡು ಮಿಲಿಮೀಟರಿನ ಪೂರ್ತಿ ಸೀಗಡಿ. ಪಾಚಿಯ ಎಳೆ ಮೇಲೆ ಕೂತು ಎರಡೂ ಕೈಯಲ್ಲಿ ಏನನ್ನೋ ಹೆಕ್ಕಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿರುತ್ತವೆ. ಭೂತಗನ್ನಡಿ ಹಿಡಿದು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಎರಡು ಹೆಣ್ಣು ಒಂದೇ ವಾರದಲ್ಲಿ ಮರಿ ಬಿಟ್ಟಿದ್ದವು.

ಜೂನ್ ಕೊನೆಗೆ ಮಳೆ ಜೋರಾಯಿತು. ಮರ ಬಿದ್ದು ಕರೆಂಟು ಹೋಯಿತು, ಪಂಪ್ ನಿಂತಿತು. ಕೈಯಲ್ಲೇ ಲೋಟದಿಂದ ನೀರು ಎತ್ತಿ ಸುರಿಯುತ್ತಿದ್ದೆ. ಬಾವಿ ನೀರು ಟೀ ಬಣ್ಣಕ್ಕೆ ಬಂದಿತ್ತು. ತೊಟ್ಟಿಯ ನೀರು ಸ್ವಲ್ಪ ಬದಲಿಸೋಣ ಅನ್ನಿಸಿತು. ಸೂರಿನ ಕೆಳಗೆ ನೀಲಿ ಡ್ರಮ್ ತುಂಬಿ ಹರಿಯುತ್ತಿತ್ತು. ಕನ್ನಡಿಯಂಥ ನೀರು. ಅಂಗಡಿಯವರ ಮಾತು ನೆನಪಾಯಿತು. ಮೂರನೇ ಒಂದು ಭಾಗ ತೆಗೆದು ಅದನ್ನು ಹಾಕಿದೆ.

ಸಂಜೆಗೆ ಮರಿಗಳು ಪಾಚಿ ಬಿಟ್ಟು ಗಾಜಿನ ಉದ್ದಕ್ಕೂ ಮೇಲೆ ಕೆಳಗೆ ಈಜತೊಡಗಿದವು. ಹೊಸ ನೀರಿನ ಖುಷಿ ಅಂದುಕೊಂಡೆ. ದಡ್ಡತನ. ಸೀಗಡಿ ಒಂದೇ ಸಮನೆ ಈಜಾಡುತ್ತಿದ್ದರೆ ಅದು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿರಬಹುದು. ಬಸವನ ಹುಳುಗಳೂ ನೀರಿನಿಂದ ಮೇಲಕ್ಕೆ ಬಂದು ಗಾಜಿನ ಅಂಚಿನಲ್ಲಿ ಕಚ್ಚಿಕೊಂಡಿದ್ದವು. ಅದನ್ನೂ ನೋಡಿದೆ, ಅರ್ಥ ಆಗಲಿಲ್ಲ.

ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿದರೆ ಮರಳಿನ ಮೇಲೆ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಮರಿಗಳು ಬಿದ್ದಿವೆ. ಕೆಲವು ಬೆಳೆಯುವಾಗ ಕಳಚಿದ ಪೊರೆ ಇರಬಹುದು ಅಂತ ಆಸೆಯಿಂದ ಒಂದನ್ನು ಪಿಪೆಟ್‌ನಲ್ಲಿ ಎತ್ತಿದೆ. ಪೊರೆ ಆಗಿದ್ದರೆ ಗಾಜಿನ ಹಾಗೆ ಇರುತ್ತದೆ, ಒಳಗೆ ಟೊಳ್ಳು. ಇದು ತಿಳಿ ಗುಲಾಬಿ, ಬೇಯಿಸಿದ ಹಾಗೆ. ಇನ್ನೊಂದು ಅಂಗಾತ ಬಿದ್ದು ಕಾಲು ನಡುಗಿಸುತ್ತಿತ್ತು.

ಆಗ ನಾನು ಮಾಡಿದ್ದೇನು ಗೊತ್ತಾ? ನೀರು ಕೆಟ್ಟಿದೆ ಅಂತ ಅದೇ ಡ್ರಮ್ಮಿನಿಂದ ಇನ್ನೂ ಹತ್ತು ಲೀಟರ್ ಹಾಕಿದೆ. ಮಧ್ಯಾಹ್ನ ಮತ್ತೆ ಸತ್ತವು. ಮತ್ತೆ ಹಾಕಿದೆ. ಗಾಳಿ ಸಾಲದೆ ಸತ್ತಿರಬೇಕು, ಇಲ್ಲಾ ಚಳಿಗೆ ಇರಬೇಕು ಅಂತಲೇ ತಲೆ ಓಡುತ್ತಿತ್ತು. ಥರ್ಮಾಮೀಟರ್ 20 ಡಿಗ್ರಿ ತೋರಿಸುತ್ತಿತ್ತು, ಚೆರ್ರಿಗೆ ಅದೇನೂ ಕಷ್ಟ ಅಲ್ಲ. ಪಕ್ಕದ ಸಣ್ಣ ತೊಟ್ಟಿಯ ಗಪ್ಪಿ ಮೀನುಗಳಿಗೂ ಅದೇ ನೀರು ಹಾಕಿದ್ದೆ. ಅವು ಆರಾಮಾಗಿ ಓಡಾಡಿಕೊಂಡಿದ್ದವು. ಹಾಗಾಗಿ ನೀರಿನ ಮೇಲೆ ಅನುಮಾನವೇ ಬರಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಮೊದಲು ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಅಂತ ಅವರೇ ಕೊಟ್ಟಿದ್ದ ನೀಲಿ ಔಷಧಿ ಇತ್ತಲ್ಲ, ಅದನ್ನೇ ನಾಲ್ಕು ಹನಿ ಹಾಕಿ ಅಂದರು. ಹಾಕಿದೆ. ಹಾಕಿದ ಮೇಲೆ, ಕರೆಂಟಿಲ್ಲದ ರಾತ್ರಿ, ಸುಮ್ನೆ ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಕಾಪರ್ ಸಲ್ಫೇಟ್.

ಕಾಪರ್ ಸಲ್ಫೇಟ್ ಅಂದರೆ ಮೈಲುತುತ್ತು. ಮೈಲುತುತ್ತು ಅಂದರೆ ಬೋರ್ಡೋ, ಅದಕ್ಕೆ ಸುಣ್ಣ ಸೇರಿಸಿ ತೋಟದ ಶಿಲೀಂಧ್ರ ರೋಗಕ್ಕೆ ಹೊಡೆಯುವ ಔಷಧಿ. ಟಾರ್ಚ್ ಹಿಡಿದು ಮಳೆಯಲ್ಲೇ ಹೊರಗೆ ಹೋದೆ. ಡ್ರಮ್ ಉರುಳಿಸಿ ನೀರು ಚೆಲ್ಲಿ ಒಳಗೆ ನೋಡಿದರೆ, ತಳದ ಸುತ್ತ ಮಡಿಕೆಯಲ್ಲಿ ಬೆರಳಗಲದ ತಿಳಿ ನೀಲಿ ಪದರ. ಉಗುರಿನಲ್ಲಿ ಕೆರೆದರೆ ಸುಣ್ಣದ ಹಾಗೆ ಉದುರಿತು. ಮೇ ತಿಂಗಳಲ್ಲಿ ಮೆಣಸಿಗೆ ಹೊಡೆಯಲು ಬೋರ್ಡೋ ಕಲಸಿದ್ದು ಅದರಲ್ಲೇ. ಎರಡು ಸಲ ತೊಳೆದಿಟ್ಟಿದ್ದೆವು. ನಮ್ಮ ಕಣ್ಣಿಗೆ ಅದು ತೊಳೆದ ಡ್ರಮ್.

ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಶುರುವಾದ ಔಷಧಿ ಇದು, ಕೊಡಗಿನಲ್ಲಿ ಮಳೆಗಾಲಕ್ಕೆ ಮುಂಚೆ ಇದರ ಕೆಲಸ ಇಲ್ಲದ ತೋಟ ಕಡಿಮೆ. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರು, ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಸುಣ್ಣ ಸೇರಿದ್ದರಿಂದ ತಾಮ್ರ ಎಲೆಗೆ ಅಂಟಿಕೊಂಡು ನಿಧಾನವಾಗಿ ಬಿಡುತ್ತದೆ. ಡ್ರಮ್ಮಿಗೂ ಹಾಗೇ ಅಂಟುತ್ತದೆ. ಸ್ವಲ್ಪ ಹುಳಿಯಿರುವ ಮಳೆನೀರು ಅದನ್ನು ಚೂರು ಚೂರೇ ಕರಗಿಸುತ್ತದೆ.

ತಮಾಷೆ ಅಂದರೆ ಸೀಗಡಿಯ ರಕ್ತದಲ್ಲೇ ತಾಮ್ರ ಇದೆ. ನಮ್ಮಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅವುಗಳಲ್ಲಿ ತಾಮ್ರ ಮಾಡುತ್ತದೆ. ಆದರೆ ನೀರಿನಲ್ಲಿ ಒಂದಿಷ್ಟು ಜಾಸ್ತಿಯಾದರೂ ಕಿವಿರು ಕೆಟ್ಟು, ಮೈಯೊಳಗಿನ ಉಪ್ಪಿನ ಲೆಕ್ಕ ತಪ್ಪಿ ಸಾಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರದ ತನಕ ಸರಿ ಅನ್ನುತ್ತದೆ. ಮರಿಗಳಿಗೆ ಅದರ ಸಣ್ಣದೊಂದು ಪಾಲು ಸಾಕು. ನಾವು ಕುಡಿಯುವ ನೀರೇ ಅಲ್ವಾ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮರಿಗಳು ದೊಡ್ಡವಕ್ಕಿಂತ ಬೇಗ ಬೇಗ ಪೊರೆ ಬಿಡುತ್ತವೆ, ಬಿಟ್ಟಾಗಲೆಲ್ಲ ಮೈ ಮೆತ್ತಗೆ. ಅದಕ್ಕೇ ಮೊದಲು ಹೋದವು ಅವೇ. ಗಡಸು ನೀರಾದರೆ ತಾಮ್ರದ ಹೊಡೆತ ಒಂಚೂರು ಕಡಿಮೆ. ಬರೀ ಮಳೆನೀರಿನಲ್ಲಿ ಆ ತಡೆಯೂ ಇಲ್ಲ.

ತಾಮ್ರ ಇಲ್ಲದಿದ್ದರೂ ಬರೀ ಮಳೆನೀರು ಸೀಗಡಿಗೆ ಆಗುವುದಿಲ್ಲ. ಹೊಸ ಚಿಪ್ಪಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕು. ಅದು ಸಿಗದಿದ್ದರೆ ತಲೆ ಮತ್ತು ಮೈಯ ನಡುವೆ ಬಿಳಿ ಉಂಗುರ ಬಂದು ಪೊರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ನೀರಿನ ಜಿಎಚ್, ಅಂದರೆ ಗಡಸುತನದ ಅಳತೆ, 6ರಿಂದ 8 ಇದ್ದರೆ ಚೆರ್ರಿಗೆ ಸಾಕು. ನಮ್ಮ ಬಾವಿ ನೀರು 2 ತೋರಿಸಿತು. ಈಗ ಸೀಗಡಿಗೆ ಅಂತಲೇ ಬರುವ ಖನಿಜದ ಪುಡಿ ಅಳೆದು ಹಾಕುತ್ತೇನೆ.

ಉಳಿದಿದ್ದು ಮೂರು ದೊಡ್ಡವು. ಅವನ್ನು ಮಿಕ್ಸಿಂಗ್ ಬೌಲಿಗೆ ಹಾಕಿ, ಸೋಸಿಟ್ಟಿದ್ದ ಬಾವಿ ನೀರನ್ನು ಗಂಟು ಹಾಕಿದ ಸಣ್ಣ ಪೈಪಿನಿಂದ ಹನಿ ಹನಿಯಾಗಿ ಬಿಟ್ಟೆ. ಎರಡು ಬದುಕಿದವು. ಹಳೇ ತೊಟ್ಟಿಗೇ ಹೊಸ ನೀರು ತುಂಬಿ ವಾಪಸ್ ಬಿಡಬೇಡಿ. ತಾಮ್ರ ಮರಳಿನಲ್ಲಿ, ಫಿಲ್ಟರ್ ಸ್ಪಂಜಿನಲ್ಲಿ ಕೂತಿರುತ್ತದೆ. ನಾನು ಮರಳು, ಪಾಚಿ, ಸ್ಪಂಜ್ ಎಲ್ಲ ತೆಗೆದೆ. ತೊಟ್ಟಿಯನ್ನು ಗಪ್ಪಿಗೆ ಕೊಟ್ಟೆ.

ಇನ್ನೂ ಒಂದು ವಿಷಯ. ಮರಿಗಳಿಗೆ ಕುರುಕಲು ಅಂತ ಒಣಗಿದ ಸೀಬೆ ಎಲೆ ಹಾಕುವವರು ಬೋರ್ಡೋ ಬಿದ್ದ ತೋಟದ ಎಲೆ ತರಬೇಡಿ. ಗಿಡಕ್ಕೆ ಹಾಕುವ ದ್ರವ ಗೊಬ್ಬರದಲ್ಲೂ ತಾಮ್ರ ಇರಬಹುದು, ಲೇಬಲ್ ಓದಿ. ತೊಟ್ಟಿ ಇರುವ ಕೋಣೆಯಲ್ಲಿ ಸೊಳ್ಳೆ ಸ್ಪ್ರೇ ಬೇಡವೇ ಬೇಡ. ಹಾಗೆಯೇ ತೋಡಿನ ಕಲ್ಲಿನ ಪಾಚಿ ಚಂದ ಇದೆ ಅಂತ ಕಿತ್ತು ತಂದು ಹಾಕಿದರೆ ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿ ಬರುತ್ತದೆ. ಅದು ದಿನಕ್ಕಿಷ್ಟು ಅಂತ ಸೀಗಡಿ ಮರಿ ಹಿಡಿದು ತಿನ್ನುತ್ತದೆ. ಮತ್ತೆ, ಸಾಕಿ ಸಾಕಾಯಿತು ಅಂತ ಚೆರ್ರಿಯನ್ನು ತೋಡಿಗೆ ಬಿಡುವ ಕೆಲಸ ಯಾರೂ ಮಾಡಬೇಡಿ. ನಮ್ಮ ತೋಡು ಹೋಗಿ ಸೇರುವುದು ಕಾವೇರಿಗೆ.

ಈಗ ಸೀಗಡಿಗೆ ಅಂತ ಬೇರೆ ಬಿಳಿ ಬಕೆಟ್ ಇದೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ನಾಯಿ ಸ್ನಾನಕ್ಕೂ ಇಲ್ಲ. ಬ್ಯಾಟರಿ ಪಂಪ್ ತಂದಿದ್ದೇನೆ. ಹೊಸ ನೀರು ಹಾಕುವುದಾದರೆ ಒಂದು ಸಲಕ್ಕೆ ಹತ್ತನೇ ಒಂದು ಭಾಗ, ಅದಕ್ಕೂ ಮುಂಚೆ ತಾಮ್ರದ ಟೆಸ್ಟ್ ಕಿಟ್. ನೀಲಿ ಡ್ರಮ್ಮಿನ ಮೇಲೆ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ ಮೈಲುತುತ್ತು ಅಂತ ಬರೆದು, ಸೂರಿನ ಕೆಳಗಿಂದ ಎತ್ತಿ ಕಣದ ಆಚೆ ಶೆಡ್ಡಿಗೆ ಹಾಕಿದ್ದೇನೆ. ಬದುಕಿದ ಎರಡರಲ್ಲಿ ಒಂದು ಹೆಣ್ಣು. ಮೊನ್ನೆ ನೋಡಿದರೆ ಬೆನ್ನ ಮೇಲೆ ಮತ್ತೆ ಹಳದಿ ತಡಿ.